ಕಿವಿಗೆ ಎಟುಕಿದ ಕೈ

ಅವರು ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ಮುಟ್ಟಿತು. ಮಾನ್ವಿ ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಗಾಲಿಗೆ ಗಾಳಿ ತುಂಬುತ್ತ, ತಲೆ ಎತ್ತದೆ ಹೇಳಿದ: "ಹೆಡ್ಮಾಸ್ತರು ಹೋದ್ರಂತಲ್ರಿ ಸರ್, ದೇವದುರ್ಗದಾಗ." ಮೊದಲೇ ಗೊತ್ತಿದ್ದವನ ಹಾಗೆ ಹೂಂ ಎಂದೆ. ಹದಿನಾರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವನಿಗೆ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

ಮನೆಗೆ ಬಂದು ಟ್ರಂಕಿನಿಂದ ಡೈರಿಗಳನ್ನು ತೆಗೆದೆ. ಸತ್ತವರ ಬಗ್ಗೆ ಬರೀ ನೆನಪಿನಿಂದ ಬರೆಯಲು ನನಗೆ ಅಂಜಿಕೆ. ನನ್ನ ನೆನಪಿಗೆ ಯಾವಾಗಲೂ ನನ್ನ ಪರವಾಗಿ ಸಾಕ್ಷಿ ಹೇಳುವ ಚಾಳಿ ಇದೆ. ಶಾಲೆಯ ಅಂಗಳದ ಬೇವಿನ ಗಿಡ ನನ್ನ ನೆನಪಿನಲ್ಲಿ ಮೊದಲ ದಿನದಿಂದಲೂ ದೊಡ್ಡದೇ. ಆದರೆ ಎಪ್ಪತ್ತರ ಡೈರಿಯಲ್ಲಿ "ಹೊಸ ಬೇವಿನ ಸಸಿಗೆ ಮುಳ್ಳಿನ ಬೇಲಿ ಕಟ್ಟಿದೆವು" ಎಂದು ನನ್ನದೇ ಅಕ್ಷರದಲ್ಲಿ ಇದೆ. ಹೀಗಾಗಿ ಡೈರಿಯಲ್ಲಿ ಇದ್ದದ್ದು ಯಾವುದು, ಆಮೇಲೆ ನಾನು ಸೇರಿಸಿಕೊಂಡದ್ದು ಯಾವುದು ಎಂಬುದನ್ನು ಆದಷ್ಟು ಬೇರೆ ಮಾಡಿ ಹೇಳುತ್ತೇನೆ.

ಆ ವರ್ಷ ಜೂನಿನಲ್ಲಿ ನಾನು ಮಾನ್ವಿಯ ಒಂದು ಪ್ರಾಥಮಿಕ ಶಾಲೆಗೆ ಸೇರಿದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಎರಡು ವರ್ಷ ಕಾದು, ಸಿಗದೆ ಬಂದವನು. ಅವರು ನನ್ನ ಆದೇಶದ ಹಾಳೆಯನ್ನು ಎರಡು ಸಲ ಓದಿದರು. ಎದ್ದು ನಿಂತು ತಮ್ಮ ಕುರ್ಚಿಯನ್ನು ನನ್ನ ಕಡೆ ಸರಿಸಿದರು. "ಕುಂದರ್ರಿ ಎಂ.ಎ. ಸಾಹೇಬ್ರ. ನಮ್ಮ ಸಾಲ್ಯಾಗ ಇಷ್ಟು ಓದಿದವ್ರು ಕುಂತಿದ್ದೇ ಇಲ್ಲ." ಅದು ಗೌರವವೋ ಕುಹಕವೋ ತಿಳಿಯಲಿಲ್ಲ. ಕೊನೆಯವರೆಗೂ ಹಾಗೆಯೇ ಕರೆದರು, ಕೊನೆಯವರೆಗೂ ತಿಳಿಯಲಿಲ್ಲ.

ಬಿಳಿ ಧೋತರ, ಕೊರಳಪಟ್ಟಿಯಲ್ಲಿ ರಫು ಮಾಡಿದ ಬಿಳಿ ಅಂಗಿ, ಕರಿ ಟೊಪ್ಪಿಗೆ. ಸ್ವಂತ ಕುರ್ಚಿಯಲ್ಲೂ ಅಂಚಿನ ಮೇಲಷ್ಟೇ ಕೂರುತ್ತಿದ್ದರು, ಯಾರೋ ಈಗ ಬಂದು ಎಬ್ಬಿಸುತ್ತಾರೆ ಎನ್ನುವ ಹಾಗೆ. ತುಂಡು ಸೀಮೆಸುಣ್ಣಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳ ಪೆನ್ಸಿಲುಗಳನ್ನು ತಾವೇ ಬ್ಲೇಡಿನಿಂದ ಹೆರೆದು ಕೊಡುತ್ತಿದ್ದರು. ನಾನು ಕಂಡಂತೆ ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ. ಅವರ ಸಿಟ್ಟು ಎಂದರೆ ಮಾತು ನಿಲ್ಲಿಸುವುದು. ಅದಕ್ಕೆ ಮಕ್ಕಳು ಛಡಿ ಏಟಿಗಿಂತ ಹೆಚ್ಚು ಹೆದರುತ್ತಿದ್ದರು.

ನಿಜಾಮರ ಆಳ್ವಿಕೆಯಲ್ಲಿ ಅವರು ಶಾಲೆಗೆ ಸೇರಿದಾಗ ಹತ್ತು ವರ್ಷವಂತೆ. ತಂದೆ ತಾಯಿ ಇಬ್ಬರೂ ಕೂಲಿ ಮಾಡುವವರು. ಓಣಿಯಿಂದ ಶಾಲೆಗೆ ಹೋದ ಮೊದಲ ಹುಡುಗ ಅವರೇ. ಒಳಗೆ ಕೂರಿಸಲಿಲ್ಲ. ಬಾಗಿಲ ಹೊರಗಿನ ಪಡಸಾಲೆಯಲ್ಲಿ ಕೂತು ಉರ್ದು ಕಲಿತರು, ಲೆಕ್ಕ ಕಲಿತರು. ಒಳಗೆ ಅವರಿಗಿಂತ ನಾಲ್ಕು ವರ್ಷ ಸಣ್ಣ ಹುಡುಗರು ಅವರಿಗಿಂತ ಮುಂದಿನ ಪಾಠ ಓದುತ್ತಿದ್ದರು. ಈ ಸಂಗತಿಯನ್ನು ಅವರು ಒಂದೇ ಸಲ ನನಗೆ ಹೇಳಿದ್ದು, ಡೈರಿಯಲ್ಲಿ ಬರೆದುಕೊಂಡಿದ್ದೇನೆ: "ಜಾತಿ ಸಲುವಾಗಿ ಹೊರಗ ಕುಂತೆ, ಅದು ನಮ್ಮ ಕೈಯಾಗ ಇರಲಿಲ್ಲ. ತಡಾ ಮಾಡಿ ಹೋಗಿದ್ದಕ್ಕ ಹಿಂದ ಕುಂತೆ. ಅದನ್ನ ತಪ್ಪಿಸಬಹುದಿತ್ತು."

ಅವರ ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಪಟ, ಪಕ್ಕದಲ್ಲಿ ಒಂದು ಗಡಿಯಾರ. ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ.

ನಮ್ಮ ಶಾಲೆಯ ಜೂನ್ ತಿಂಗಳ ಬಗ್ಗೆ ಇಲ್ಲಿ ಹೇಳಬೇಕು. ಮಕ್ಕಳನ್ನು ಒಂದನೇ ಇಯತ್ತೆಗೆ ಸೇರಿಸಲು ಬಂದ ತಾಯಿ ತಂದೆಯರಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. "ಕೆರಿ ಒಡದ ವರ್ಷ", "ಸಜ್ಜಿ ಕೊಯ್ಯಾಗ" ಎನ್ನುತ್ತಿದ್ದರು. ಅದಕ್ಕೆ ಇದ್ದದ್ದು ಒಂದೇ ಪರೀಕ್ಷೆ. ಮಗು ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ಆಯಿತು ಎಂದು ಲೆಕ್ಕ. ದಾಖಲಾತಿ ರಿಜಿಸ್ಟರಿನಲ್ಲಿ ಆರು ವರ್ಷ ಹಿಂದಿನ ಜೂನ್ ಒಂದನೇ ತಾರೀಖು ಬರೆಯುವುದು. ಇಡೀ ಊರಿನ ಮಕ್ಕಳು ಜೂನ್ ಒಂದಕ್ಕೇ ಹುಟ್ಟುತ್ತಿದ್ದರು. ಹೆಡ್ಮಾಸ್ತರರ ಜನ್ಮದಿನವೂ ಅದೇ, ನನ್ನದೂ ಅದೇ.

ಆದರೆ ಕಿವಿ ಮುಟ್ಟುವುದರಲ್ಲಿ ಒಂದು ಮೋಸಕ್ಕೆ ದಾರಿ ಇತ್ತು. ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿದರೆ ನಾಲ್ಕು ವರ್ಷದ ಮಗುವಿಗೂ ಕಿವಿ ಎಟುಕುತ್ತದೆ. ಅದಕ್ಕೇ ಅವರು ಪ್ರತಿ ಮಗುವಿನ ತಲೆಯನ್ನೂ ತಮ್ಮ ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿಯುತ್ತಿದ್ದರು. ಹಿಡಿದು, "ಹಾಂ, ಈಗ ಮುಟ್ಟು" ಎನ್ನುತ್ತಿದ್ದರು. ಒಂದು ವರ್ಷ ಬಳೆ ಮಾರುವ ಹೆಂಗಸೊಬ್ಬಳು ಮಗನ ಕೈಯನ್ನು ಹಿಡಿದೆಳೆದು, "ಸಾಬ್, ಜರಾ ಖೀಂಚೇ ತೋ ಲಗ್ತಾ ಜೀ" ಎಂದಳು, ಸ್ವಲ್ಪ ಎಳೆದರೆ ಮುಟ್ಟುತ್ತದೆ ಎಂದು. ಅವರು ನಗದೆ ಅವಳದೇ ಮಾತಿನಲ್ಲಿ ಉತ್ತರಿಸಿದರು: "ಖೀಂಚೇ ತೋ ಹಾತ್ ಲಂಬಾ ಹೋತಾ ಅಮ್ಮಾ, ಬಚ್ಚಾ ಬಡಾ ನೈ ಹೋತಾ." ಎಳೆದರೆ ಕೈ ಉದ್ದವಾದೀತು, ಮಗು ದೊಡ್ಡದಾಗುವುದಿಲ್ಲ ಎಂದು. ಆಕೆಯೇ ನಕ್ಕು ಮಗನನ್ನು ಕರೆದುಕೊಂಡು ಹೋದಳು. ಮರುವರ್ಷ ತಂದಳು.

ಎಪ್ಪತ್ತನಾಲ್ಕರ ಜೂನಿನಲ್ಲಿ ಅವರು ತಮ್ಮ ಮಗಳನ್ನು ಕರೆತಂದರು.

ಮದುವೆಯಾಗಿ ಹದಿನಾಲ್ಕು ವರ್ಷದ ಮೇಲೆ ಹುಟ್ಟಿದ ಒಂದೇ ಮಗು. ಅವಳು ಹುಟ್ಟಿದ್ದು ನಾನು ಶಾಲೆಗೆ ಸೇರಿದ ಎರಡು ತಿಂಗಳಿಗೆ. ಅಂದರೆ ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿತ್ತು. ನಮ್ಮ ಶಾಲೆಯಲ್ಲಿ ಇದು ಗೊತ್ತಿದ್ದವನು ಅವರನ್ನು ಬಿಟ್ಟರೆ ನಾನೊಬ್ಬನೇ. ಉಳಿದ ಶಿಕ್ಷಕರು ಆಮೇಲೆ ಬಂದವರು. ಅಷ್ಟರಲ್ಲಿ ಅವಳು ಬಸ್ಸಿನ ಬೋರ್ಡು ಓದುತ್ತಿದ್ದಳು: ರಾಯಚೂರು, ಕವಿತಾಳ, ದೇವದುರ್ಗ. ಹನ್ನೆರಡರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತಿದ್ದಳು. ತಾಯಿಯ ಹಾಗೆ ಉದ್ದ ಕೈಕಾಲಿನ ಮಗು.

ಅವಳು ಸರದಿಯಲ್ಲಿ ಬಂದಳು. ಕೈ ಎತ್ತಿದಳು. ತಲೆ ಬಲಕ್ಕೆ ವಾಲಿತು, ಬೆರಳ ತುದಿ ಕಿವಿಯ ಮೇಲಂಚಿಗೆ ತಾಗಿತು. ಅವರು ತಲೆ ಹಿಡಿಯಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ಮುಟ್ಟಿತಲ್ರಿ ಎಂ.ಎ. ಸಾಹೇಬ್ರ. ಬರ್ಕೊಳ್ರಿ" ಎಂದರು. ನಾನು ಬರೆದೆ. ಜೂನ್ ಒಂದು, ಅರವತ್ತೆಂಟು. ಎರಡು ವರ್ಷ ಎರಡು ತಿಂಗಳು ಸೇರಿಸಿ.

ಬೆನ್ನ ಹಿಂದೆ ಕಟ್ಟಿದ ಆ ಕೈಗಳು ಡೈರಿಯಲ್ಲಿ ಇಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಧಗೆ. ಹನ್ನೊಂದು ಮಕ್ಕಳ ದಾಖಲಾತಿ." ತಪ್ಪೆಲ್ಲ ಅವರ ಕೈಗಳದು ಎಂದು ತೋರಿಸಲು ನನ್ನ ನೆನಪು ಆ ಚಿತ್ರವನ್ನು ಆಮೇಲೆ ಹುಟ್ಟಿಸಿಕೊಂಡಿರಬಹುದು. ಆದರೆ ಬರೆದದ್ದು ಯಾರು ಎಂಬುದಕ್ಕೆ ನೆನಪು ಬೇಕಿಲ್ಲ. ರಿಜಿಸ್ಟರಿನಲ್ಲಿ ನನ್ನ ಅಕ್ಷರ ಈಗಲೂ ಇದೆ.

ಯಾಕೆ ಎಂದು ಒಂದು ಸಂಜೆ ಕೇಳಿದ್ದೆ. ಇದು ಡೈರಿಯಲ್ಲಿ ಇದೆ, ನಾಲ್ಕು ದಿನದ ನಂತರದ ಪುಟದಲ್ಲಿ. ತಾವು ನಿವೃತ್ತಿಯಾಗುವುದರೊಳಗೆ ಅವಳು ಡಾಕ್ಟರ ಓದಿಗೆ ಸೇರಿರಬೇಕು, ಈ ವರ್ಷ ಹಚ್ಚಿದರೆ ಲೆಕ್ಕ ಸರಿಹೋಗುತ್ತದೆ ಎಂದರು. "ನನ್ನ ಮಗಳು ಯಾರ ಹಿಂದನೂ ಕುಂದರೋದು ಬ್ಯಾಡ." ನಾನು ಒಪ್ಪಿದೆ. ಒಪ್ಪುವುದು ಸುಲಭವಿತ್ತು. ಅಂಥ ಬುದ್ಧಿಯ ಮಗುವಿಗೆ ಎರಡು ವರ್ಷ ಎಷ್ಟರ ಮಾತು ಎಂದು ನನಗೂ ಅನ್ನಿಸಿತ್ತು.

ಮೊದಲ ವರ್ಷ ಅವಳು ತರಗತಿಯಲ್ಲಿ ನಿದ್ದೆ ಮಾಡಿದಳು. ಮಧ್ಯಾಹ್ನ ಆಗುತ್ತಲೇ ಪಾಟಿಯ ಮೇಲೆ ಕೆನ್ನೆ ಇಟ್ಟು ಮಲಗಿಬಿಡುತ್ತಿದ್ದಳು. ಎದ್ದಾಗ ಕೆನ್ನೆಯ ಮೇಲೆ ಅಕ್ಷರಗಳು ತಿರುವುಮುರುವಾಗಿ ಮೂಡಿರುತ್ತಿದ್ದವು. ಕೇಳಿದರೆ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದಳು, ಬರೆ ಎಂದರೆ ಬರೆಯುತ್ತಿರಲಿಲ್ಲ. ಒಮ್ಮೆ ಕೇಳಿದ ಪಾಠವನ್ನು ತಿಂಗಳ ನಂತರವೂ ಒಪ್ಪಿಸುವ ಮಗು, ಕೂಡಿಸುವ ಲೆಕ್ಕ ಅರ್ಧಕ್ಕೆ ಬಿಟ್ಟು ಸೀಮೆಸುಣ್ಣದ ಪುಡಿಯಲ್ಲಿ ಅಡುಗೆ ಆಟ ಆಡುತ್ತಿತ್ತು. ಮೂರನೇ ಇಯತ್ತೆಯಲ್ಲಿ, ನಾಲ್ಕನೆಯದರಲ್ಲಿ, ಜೊತೆಯ ಹುಡುಗಿಯರು ಜಡೆ ಬಿಗಿದುಕೊಂಡು ಗುಸುಗುಸು ಮಾತಾಡುವ ಕಾಲಕ್ಕೆ ಇವಳು ಸೋತ ಆಟಕ್ಕೆ ನೆಲದ ಮೇಲೆ ಬಿದ್ದು ಅಳುತ್ತಿದ್ದಳು. ಆ ಹುಡುಗಿಯರು ಇವಳನ್ನು ಆಟಕ್ಕೆ ಸೇರಿಸುವುದನ್ನು ಬಿಟ್ಟರು. ಚೀಲದಲ್ಲಿ ಪುಸ್ತಕದ ಜೊತೆ ಒಂದು ಬಟ್ಟೆಯ ಗೊಂಬೆ ಇರುತ್ತಿತ್ತು.

"ಬುದ್ಧಿ ಅದ, ಮನಸಿಲ್ಲ." ಅವರು ದಿನಕ್ಕೊಮ್ಮೆಯಾದರೂ ಈ ಮಾತು ಆಡುತ್ತಿದ್ದರು, ಹವಾಮಾನ ಹೇಳುವವರ ಹಾಗೆ.

ಅವರು ಮಾಡದ ಉಪಾಯವಿಲ್ಲ. ಗೋಡೆಯ ಮೇಲೆ ಕೆಂಪು ಮಸಿಯಲ್ಲಿ ಬರೆದ ವೇಳಾಪಟ್ಟಿ. ಒಂದು ಪುಟ ಬರೆದರೆ ಒಂದು ಜಿಲೇಬಿ. ಬರೆಯದಿದ್ದರೆ ಗೊಂಬೆ ಕಪಾಟಿನ ಮೇಲೆ. ಪಕ್ಕದ ಮನೆಯ ಹುಡುಗಿಯನ್ನು ಕರೆದು ಕೂರಿಸಿ ಅವಳ ಎದುರು ಹೊಗಳಿದರು. ಕೊನೆಗೆ ತಮಗೆ ಗೊತ್ತಿದ್ದ ಶಿಕ್ಷೆಯನ್ನೇ ಹಿಡಿದರು, ಮಾತು ಬಿಟ್ಟರು. ಒಮ್ಮೆ ಹನ್ನೊಂದು ದಿನ ಮಗಳ ಜೊತೆ ಮಾತಾಡಲಿಲ್ಲ. ಹನ್ನೊಂದನೇ ದಿನ ನಾನು ಅವರ ಮನೆಗೆ ಹೋಗಿದ್ದೆ. ಅವಳು ಅವರ ಕುರ್ಚಿಯ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಅವರು ಪತ್ರಿಕೆ ಓದುತ್ತಿದ್ದರು. ನಾನು ಇದ್ದಷ್ಟು ಹೊತ್ತೂ ಪುಟ ತಿರುವಲಿಲ್ಲ. ಸೋಲಲು ಅವರಿಗೂ ಆಸೆ ಇತ್ತು, ಹೇಗೆ ಸೋಲಬೇಕೆಂದು ಗೊತ್ತಿರಲಿಲ್ಲ ಎಂದು ಆಗ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಅವರ ಹೆಂಡತಿ ಕವಿತಾಳದ ಕಡೆಯವರು, ಓದು ಬಾರದವರು. ಅವರು ಎಲ್ಲರ ಎದುರೂ ಒಂದೇ ಮಾತು ಹೇಳುತ್ತಿದ್ದರು: "ಇನ್ನಾ ಕೂಸು ಅದಾಳ್ರಿ." ನೆರೆಯವರು ನಗುತ್ತಿದ್ದರು. ಒಂದೇ ಮಗಳು, ಮುದ್ದು ಹೆಚ್ಚಾಗಿದೆ ಎನ್ನುತ್ತಿದ್ದರು. ಆ ತಾಯಿ ಮುದ್ದಿಗೆ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾರೆ ಎಂದು ತಿಳಿದಿದ್ದವನು ನಾನು. ನಾನೂ ನಗುತ್ತಿದ್ದೆ.

ಏಳನೇ ಇಯತ್ತೆಯ ವರ್ಷ, ಚಳಿಗಾಲದಲ್ಲಿ, ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಈ ಸಂಗತಿ ಡೈರಿಯಲ್ಲಿ ಎರಡು ಪುಟ ಇದೆ. ಬಂದವರು ತರಗತಿಗೆ ಬಾಯಿಲೆಕ್ಕ ಹಾಕಿದರು. ಇಷ್ಟು ಗಜ ಬಟ್ಟೆ, ಇಷ್ಟು ಅಂಗಿ, ಉಳಿದದ್ದೆಷ್ಟು ಎಂದು. ಪ್ರಶ್ನೆ ಮುಗಿಯುವ ಮೊದಲೇ ಅವಳು ಕಿಟಕಿಯ ಹೊರಗೆ ನೋಡುತ್ತ ಉತ್ತರ ಹೇಳಿದಳು. ಇನ್ನೊಂದು ಹಾಕಿದರು, ಅದಕ್ಕೂ ಹೇಳಿದಳು. ಹೆಡ್ಮಾಸ್ತರರ ಮುಖದಲ್ಲಿ ನಾನು ಹಿಂದೆ ಕಾಣದ ಬೆಳಕು ಬಂತು. ಅವರು ಮೊದಲ ಸಲ ಗೋಡೆಗೆ ಬೆನ್ನು ಆನಿಸಿ ನಿಂತರು. ಇನ್‌ಸ್ಪೆಕ್ಟರ್ ಸೀಮೆಸುಣ್ಣ ಚಾಚಿ ಹಲಗೆಯ ಮೇಲೆ ಬಿಡಿಸಿ ತೋರಿಸು ಎಂದರು. ಅವಳು ಏಳಲಿಲ್ಲ. ಮತ್ತೆ ಹೇಳಿದಾಗ ಚೀಲವನ್ನು ಎದೆಗೆ ಅವಚಿಕೊಂಡಳು. ಇನ್‌ಸ್ಪೆಕ್ಟರ್ ಚೀಲ ಸರಿಸಲು ಹೋದರು. ಗೊಂಬೆ ಹೊರಗೆ ಬಿತ್ತು. ಅದನ್ನು ಅವರು ತಮ್ಮ ಕೋಲಿನ ತುದಿಯಿಂದ ಎತ್ತಿ ತರಗತಿಗೆ ತೋರಿಸಿದರು. ಅವಳು "ಯವ್ವಾ" ಎಂದು ಬಾಯಿ ತೆರೆದು ಅತ್ತಳು.

"ಎಷ್ಟು ವಯಸ್ಸು ಈಕಿಗೆ?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವರು ಕೇಳಿದ್ದು ಹೆಡ್ಮಾಸ್ತರರನ್ನು. ರಿಜಿಸ್ಟರ್ ನನ್ನ ಕಂಕುಳಲ್ಲಿತ್ತು.

"ಹನ್ನೆರಡು ದಾಟ್ಯಾವ್ರಿ, ಹದಿಮೂರರಾಗ ಅದಾಳ" ಎಂದರು ಹೆಡ್ಮಾಸ್ತರು.

"ಹದಿಮೂರು. ನಮ್ಮ ಕಡೆ ಹದಿಮೂರಕ್ಕ ಮದುವಿ ಮಾಡ್ತಾರ್ರಿ. ಈಕಿಗೆ ಗೊಂಬಿ ಬೇಕಂತ. ಯಾರ ಮಗಳು ಈಕಿ?"

"ನನ್ನಾಕಿನ್ರಿ."

ತರಗತಿ ನಕ್ಕಿತು. ಇನ್‌ಸ್ಪೆಕ್ಟರ್ ಕೂಡ ಸ್ವಲ್ಪ ಮುಜುಗರದಿಂದ ನಕ್ಕು ಗೊಂಬೆಯನ್ನು ಮೇಜಿನ ಮೇಲೆ ಇಟ್ಟರು. ಹತ್ತು ವರ್ಷ ಎಂದು ಹೇಳಿದ್ದರೆ ಇಡೀ ದೃಶ್ಯ ಬೇರೆಯಾಗುತ್ತಿತ್ತು. ಹತ್ತು ವರ್ಷದ ಮಗು ಏಳನೇ ಇಯತ್ತೆಯ ಲೆಕ್ಕವನ್ನು ಬಾಯಲ್ಲಿ ಬಿಡಿಸಿತು ಎಂದು ಅದೇ ಮನುಷ್ಯ ಬೆನ್ನು ತಟ್ಟಿ ಹೋಗುತ್ತಿದ್ದನೇನೋ. ಒಂದು ಸಂಖ್ಯೆ ಹೇಳಿದ್ದರೆ ಸಾಕಿತ್ತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಹೆಡ್ಮಾಸ್ತರರ ಜೊತೆ ನಡೆಯುತ್ತ, ಧೈರ್ಯ ಮಾಡಿ, ಮಗುವಿಗೆ ಇನ್ನೂ ಹತ್ತೇ ಅಲ್ಲವೇ ಎಂದೆ. ಅವರು ನಿಂತರು. ನನ್ನ ಕಡೆ ನೋಡಲಿಲ್ಲ. "ರಿಜಿಸ್ಟರ್‌ನ್ಯಾಗ ಏನದ? ನಿಮ್ಮ ಅಕ್ಷರ ಅಲ್ಲೇನ್ರಿ ಅದು?"

ಈ ಮಾತನ್ನು ಎಷ್ಟೋ ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ನಿಮ್ಮ ಕೆಲಸಕ್ಕೂ ಕುತ್ತು ಬಂದೀತು ಎಂದು ಬೆದರಿಸಿದರೋ, ಇಬ್ಬರೂ ಸಿಕ್ಕಿಬಿದ್ದಿದ್ದೇವೆ, ಸುಮ್ಮನಿರಿ ಎಂದು ಬೇಡಿಕೊಂಡರೋ. ಮೂರನೆಯದು ಎಲ್ಲಕ್ಕಿಂತ ಭಯ ಹುಟ್ಟಿಸುವಂಥದು. ಬಹುಶಃ ಅಷ್ಟು ಹೊತ್ತಿಗೆ ಅವರು ರಿಜಿಸ್ಟರನ್ನೇ ನಂಬಿದ್ದರು. ಪ್ರತಿ ವರ್ಷ ಪ್ರತಿ ಪಟ್ಟಿಯಲ್ಲಿ ಆ ತಾರೀಖನ್ನು ಬರೆದು ಬರೆದು ಸಹಿ ಹಾಕಿದ ಮನುಷ್ಯ ಅವರು. ಮಗಳು ಹದಿಮೂರರವಳು, ಹದಿಮೂರರವಳ ಹಾಗೆ ಇಲ್ಲ, ಆದ್ದರಿಂದ ಅವಳಲ್ಲೇ ಏನೋ ಕೊರತೆ ಇದೆ. ಹೀಗೆ ಅವರು ಮನಸ್ಸಿನಲ್ಲಿ ಲೆಕ್ಕ ಮುಗಿಸಿಬಿಟ್ಟಿದ್ದರು ಎಂದು ನನ್ನ ಊಹೆ. ಊಹೆ ಮಾತ್ರ.

ನನಗೆ ಇನ್ನೊಂದು ಅನುಮಾನವೂ ಇದೆ, ಅದನ್ನೂ ಬರೆಯಬೇಕು. ಎರಡು ವರ್ಷ ತಡೆದು ಸೇರಿಸಿದ್ದರೂ ಅವಳು ಹೀಗೆಯೇ ಇರುತ್ತಿದ್ದಳೇನೋ. ಕೆಲವು ಮಕ್ಕಳ ಬುದ್ಧಿ ಮುಂದೆ ಓಡುತ್ತದೆ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಹಾಗಿದ್ದರೆ ಅವಳಿಗೆ ಬೇಕಾಗಿದ್ದದ್ದು ಇನ್ನೂ ಹೆಚ್ಚಿನ ಸಮಯ. ನಾವು ಇದ್ದದ್ದನ್ನೂ ಕಿತ್ತುಕೊಂಡೆವು.

ಹೈಸ್ಕೂಲನ್ನು ಅವಳು ಓದದೆಯೇ ದಾಟಿದಳು. ಹತ್ತನೇ ಇಯತ್ತೆಯಲ್ಲಿ ಎರಡನೇ ದರ್ಜೆ ಬಂತು. ಪುಸ್ತಕ ತೆರೆಯದೆ ಎರಡನೇ ದರ್ಜೆ ಬಂದದ್ದೇ ಕೆಟ್ಟದಾಯಿತು. ಮನಸ್ಸು ಮಾಡಿದ್ದರೆ ಏನಾಗಬಹುದಿತ್ತು ಎಂದು ಅವರು ಕಂಡಕಂಡವರಿಗೆ ಹೇಳಿದರು. ಎಂಬತ್ತನಾಲ್ಕರ ಜೂನಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸಿ, ಹುಡುಗಿಯರ ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ಕಾಗದದ ಮೇಲೆ ಅವಳಿಗೆ ಹದಿನಾರು. ನಿಜಕ್ಕೆ ಹದಿನಾಲ್ಕು ತುಂಬಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ನಾನು ಒಂದನೇ ಇಯತ್ತೆಗೆ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅವಳು ರಾಯಚೂರಿನಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಮನೆಗೆ ಹೋಗದೆ ನೇರ ಶಾಲೆಗೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಏನೂ ಹೇಳದೆ, ಮಕ್ಕಳ ಸಾಲಿನ ಕೊನೆಗೆ ನೆಲದ ಮೇಲೆ ಕೂತಳು. ಪಕ್ಕದ ಮಗು ತನ್ನ ಪಾಟಿಯನ್ನು ಅವಳ ಕಡೆ ಸರಿಸಿತು. ನಾನು ಪಾಠ ಮುಂದುವರಿಸಿದೆ. ಮಕ್ಕಳ ಜೊತೆ ಅವಳೂ ಹಾಡಿನಂತೆ ಅಕ್ಷರ ಹೇಳಿದಳು. ಯಾರೂ ಹೇಳದೆ ಅವಳು ತಾನಾಗಿ ಬರೆಯುವುದನ್ನು ನಾನು ಅಂದೇ ಮೊದಲು ಕಂಡೆ. ಪಾಟಿಯ ತುಂಬ ಗುಂಡಗೆ, ಸಾಲು ತಪ್ಪದೆ ಬರೆದಿದ್ದಳು.

ಮಧ್ಯಾಹ್ನದ ಗಂಟೆಯವರೆಗೆ ಅವಳನ್ನು ಹಾಗೆಯೇ ಬಿಟ್ಟೆ. ನನ್ನ ಪರವಾಗಿ ಹೇಳಬಹುದಾದದ್ದು ಇದೊಂದೇ.

ಯಾರೋ ಹೇಳಿಕಳಿಸಿ ತಾಯಿ ಬಂದರು. ಹೆಡ್ಮಾಸ್ತರರೂ ತಮ್ಮ ಕೋಣೆಯಿಂದ ಬಂದು ಬಾಗಿಲ ಹೊರಗೆ, ಪಡಸಾಲೆಯಲ್ಲಿ ನಿಂತರು. ಮೂರು ಗಂಟೆಯ ಬಸ್ಸಿಗೆ ತಿರುಗಿ ರಾಯಚೂರಿಗೆ ಬಿಟ್ಟು ಬರುತ್ತೇನೆ ಎಂದರು. ಗಂಡನ ಎದುರು ದನಿ ಎತ್ತಿದ್ದನ್ನು ನಾನು ಕಾಣದ ಆ ಹೆಂಗಸು ಗಂಡನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮಾಸ್ತರ, ನನಗ ಬರ್ಯಾಕ ಬರಂಗಿಲ್ಲ. ಆದ್ರ ಹಡದಾಕಿ ನಾನು. ಪಂಚಮಿ ಆಗಿ ಮೂರನೇ ದಿನ ಹಡದೀನಿ. ಆ ವರ್ಷನೇ ನೀವು ಬಂದ್ರಿ, ಪೇಡೆ ತಿಂದ್ರಿ. ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ಬರದವ್ರು ನೀವು. ಇವ್ರ ಮುಂದ ಒಮ್ಮಿ ಹೇಳ್ರಿ, ಈ ಕೂಸಿಗೆ ಎಷ್ಟು ವರ್ಷ?"

ಹೆಡ್ಮಾಸ್ತರರು ನನ್ನನ್ನು ನೋಡುತ್ತಿದ್ದರು. ಅವರ ನೋಟದಲ್ಲಿ ಬೆದರಿಕೆ ಇರಲಿಲ್ಲ, ಇದನ್ನು ಖಂಡಿತವಾಗಿ ಹೇಳಬಲ್ಲೆ. ಕಾಯುತ್ತಿದ್ದರು. ಬೇರೆಯವರ ಬಾಯಿಂದ ಬಂದರೆ ಒಪ್ಪಿಕೊಂಡೇನು ಎನ್ನುವವರ ಹಾಗೆ. ಆದರೆ ಅಲ್ಲಿ ಇನ್ನಿಬ್ಬರು ಶಿಕ್ಷಕರೂ ಇದ್ದರು. ಸುಳ್ಳು ದಾಖಲೆ ಬರೆದವನಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. "ನೋಡೋಣ್ರಿ ಅಮ್ಮ, ಸ್ವಲ್ಪ ದಿನ ಹೋಗಲಿ, ಹೊಂದ್ಕೋತಾಳ" ಎಂದೆ.

ಅವರು ಟೊಪ್ಪಿಗೆ ಸರಿಮಾಡಿಕೊಂಡು ಮಗಳಿಗೆ "ನಡಿ" ಎಂದರು. ಅವಳು ಪಾಟಿಯನ್ನು ಆ ಮಗುವಿಗೆ ಕೊಟ್ಟು ಎದ್ದಳು. ಅಳಲಿಲ್ಲ. ಅವಳು ಅಳದೆ ಎದ್ದು ಹೋದದ್ದನ್ನು ನೋಡಿ, ಸ್ವಲ್ಪ ದೊಡ್ಡವಳಾಗಿದ್ದಾಳೆ ಎಂದು ನಾನು ಆ ದಿನ ಡೈರಿಯಲ್ಲಿ ಬರೆದಿದ್ದೇನೆ.

ಮತ್ತೆ ಅವಳು ಓಡಿ ಬರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಆರೂ ವಿಷಯಕ್ಕೆ ಮೂರು ಮೂರು ಗಂಟೆ ಕೂತು, ನೋಂದಣಿ ಸಂಖ್ಯೆಯನ್ನಷ್ಟೇ ಬರೆದು ಕೊಟ್ಟು ಬಂದಳಂತೆ. ಮನೆಗೆ ಬಂದ ಮೇಲೆ ಪುಸ್ತಕ ಮುಟ್ಟಲಿಲ್ಲ. ಬಸ್ಸಿನ ಬೋರ್ಡನ್ನು ಕೂಡ ಓದುತ್ತಿರಲಿಲ್ಲ, ಯಾವ ಊರಿನ ಬಸ್ಸೆಂದು ಓದು ಬಾರದ ತಾಯಿಯನ್ನೇ ಕೇಳುತ್ತಿದ್ದಳು ಎಂದು ಹೆಡ್ಮಾಸ್ತರರು ಒಮ್ಮೆ ನನಗೆ ಹೇಳಿದರು. ಆಗ "ಬುದ್ಧಿ ಅದ, ಮನಸಿಲ್ಲ" ಎನ್ನಲಿಲ್ಲ. ಆ ಮಾತನ್ನು ನಾನು ಅವರ ಬಾಯಿಂದ ಮತ್ತೆ ಕೇಳಲೇ ಇಲ್ಲ.

ಅವರ ಕೊನೆಯ ಜೂನಿನಲ್ಲಿ ದಾಖಲಾತಿಗೆ ಎಂದಿನಂತೆ ಬೇವಿನ ಗಿಡದ ಕೆಳಗೆ ಮೇಜು ಹಾಕಿಸಿದೆವು. ಅವರು ಬಂದು ಮೊದಲ ಮಗುವಿನ ತಲೆಯನ್ನು ಎರಡು ಕೈಗಳ ನಡುವೆ ಹಿಡಿದರು. ಬಹಳ ಹೊತ್ತು ಹಿಡಿದೇ ನಿಂತರು. ಮಗು ಕೈ ಎತ್ತುವುದನ್ನು ಮರೆತು ಅವರ ಮುಖ ನೋಡತೊಡಗಿತು. ಅವರು ಕೈ ಬಿಟ್ಟು, "ನೀವೇ ನೋಡ್ಕೊಳ್ರಿ ಎಂ.ಎ. ಸಾಹೇಬ್ರ" ಎಂದು ಒಳಗೆ ಹೋದರು. ಅದೇ ವರ್ಷ ನಿವೃತ್ತರಾಗಿ ದೇವದುರ್ಗದ ಹತ್ತಿರದ ತಮ್ಮ ಊರಿಗೆ ಹೋದರು. ಮರುವರ್ಷ ಹೆಂಡತಿ ತೀರಿಕೊಂಡರು. ನಾನು ಹೋಗಲಿಲ್ಲ. ಕಾಗದ ಬರೆದೆ.

ಈಗ ಹೋದೆ. ಅವರ ಮನೆ ಓಣಿಯ ಕೊನೆಗೆ. ಪಕ್ಕದ ಗುಡಿಯ ಕಟ್ಟೆಯ ಮೇಲೆ ಅಂಗನವಾಡಿ ನಡೆಯುತ್ತಿತ್ತು, ಹದಿನೈದಿಪ್ಪತ್ತು ಮಕ್ಕಳು. ಅವರ ನಡುವೆ ನೆಲದ ಮೇಲೆ ಕೂತು ಒಂದು ಮಗುವಿನ ಮೂಗು ಒರೆಸುತ್ತಿದ್ದವಳು ಅವಳೇ. ಎರಡು ವರ್ಷದಿಂದ ಅಲ್ಲಿಯ ಟೀಚರ್. ನನ್ನನ್ನು ಗುರುತಿಸಿ, "ಬರ್ರಿ ಸರ್" ಎಂದು ಚಾಪೆ ಹಾಸಿದಳು. ತಂದೆಯ ಕೊನೆಯ ದಿನಗಳ ಬಗ್ಗೆ ಹೇಳಿದಳು. ಆರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಮಾತು ಕಡಿಮೆಯಾಗಿತ್ತು. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

"ನನ್ನ ಮಗಳು ಇನ್ನಾ ಕೂಸು ಅದಾಳ ಅಂತಿದ್ದ ಯಪ್ಪ. ಜನ ನಕ್ಕು, ಮುದುಕಗ ತಲಿ ಕೆಟ್ಟದ ಅಂದ್ರು. ಯವ್ವಾನೂ ಸಾಯೋತನ ಅದೇ ಅಂತಿದ್ಲು. ಅಕಿ ಅಂದಾಗೆಲ್ಲ ಯಪ್ಪ ಸುಳ್ಳು ಅಂತಿದ್ದ." ತೊಡೆಯ ಮೇಲಿದ್ದ ಮಗುವನ್ನು ಕೆಳಗಿಳಿಸಿದಳು. "ಕಡೀಕ ಇಬ್ರೂ ಒಂದೇ ಅಂದ್ರಲ್ರಿ. ನೀವು ಬರದವ್ರು. ನಂಗ ಖರೆ ಎಷ್ಟು ವಯಸ್ಸು ಸರ್?"

ಚೀಲದಿಂದ ಎಪ್ಪತ್ತರ ಡೈರಿ ತೆಗೆದೆ. ಹೊರಡುವಾಗ ಅದನ್ನು ಯಾಕೆ ಹಾಕಿಕೊಂಡೆ ಎಂದು ನನಗೇ ಸ್ಪಷ್ಟವಿರಲಿಲ್ಲ. ಆಗಸ್ಟಿನ ಪುಟ ತೆರೆದು ಅವಳ ಕೈಗೆ ಕೊಟ್ಟೆ. "ಬೆಳಗಿನಿಂದ ಜಿಟಿಜಿಟಿ. ಹೆಡ್ಮಾಸ್ತರರಿಗೆ ಹೆಣ್ಣು ಮಗು. ಶಾಲೆಗೆಲ್ಲ ಪೇಡೆ ಕೊಟ್ಟರು. ಇವತ್ತು ಮೊದಲ ಸಲ ಕುರ್ಚಿಯಲ್ಲಿ ಪೂರ್ತಿ ಕೂತರು." ಮೇಲೆ ತಾರೀಖು ಅಚ್ಚಾಗಿತ್ತು.

ಅವಳು ಅದನ್ನು ಬೆರಳಿಟ್ಟು ಓದಿದಳು, ಓದು ಕಲಿಯುವವರ ಹಾಗೆ. ಹನ್ನೆರಡರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತಿದ್ದವಳು ಬೆರಳು ಮಡಿಸಿ ಎಣಿಸಿದಳು.

"ಹಂಗಾದ್ರ ಇನ್‌ಸ್ಪೆಕ್ಟರ್ ಬಂದಾಗ ನಂಗ ಹತ್ತು."

"ಹತ್ತು."

"ಹತ್ತು ವರ್ಷದವ್ರು ಅಳ್ತಾರಲ್ರಿ ಸರ್."

"ಅಳ್ತಾರವ್ವ."

ತಾರೀಖಿನ ಮೇಲೆ ಇನ್ನೊಮ್ಮೆ ಬೆರಳು ಇಟ್ಟಳು. ಅವಳ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಆಮೇಲೆ ತಲೆ ಎತ್ತಿದಳು.

"ಇದು ಅವಾಗಿಂದ ನಿಮ್ಮ ಹತ್ರನೇ ಇತ್ತೇನ್ರಿ?"

ಇತ್ತು ಎಂದೆ.

ಅವಳು ಡೈರಿಯನ್ನು ಮುಚ್ಚಿ, ಎರಡೂ ಕೈಯಿಂದ, ಹಿರಿಯರಿಗೆ ಕೊಡುವ ಹಾಗೆ ನನಗೆ ಹಿಂದಿರುಗಿಸಿದಳು. ಹಿಂದೆ ಒಂದು ಮಗು ಬಿದ್ದು ಅಳಲು ಶುರುಮಾಡಿತ್ತು. ಎದ್ದು ಹೋಗಿ ಅದನ್ನು ಎತ್ತಿಕೊಂಡಳು. ಅಳಬೇಡ ಎನ್ನಲಿಲ್ಲ. ಅದು ಅತ್ತು ಮುಗಿಸುವವರೆಗೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಮುಗಿಯಲು ಬಹಳ ಹೊತ್ತು ಹಿಡಿಯಿತು. ನಾನು ಚಾಪೆಯ ಅಂಚಿನಲ್ಲಿ ಕೂತೇ ಇದ್ದೆ.